ಸಂಶೋಧನೆಯ ಹಗೇವಿಗೆ ಬೀಗವೇಕೆ?

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬೋರ್ಡೊ ದ್ರಾವಣವನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಇದ್ದರೆ ಶೇಕಡ 1ರ ದ್ರಾವಣ ಸಿದ್ಧ. ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗಳು ಚೆನ್ನಾಗಿ ನೆನೆಯುವಂತೆ ಇದನ್ನು ಸಿಂಪಡಿಸಿದರೆ ಕೊಳೆರೋಗ ಹತೋಟಿಯಲ್ಲಿರುತ್ತದೆ. ಈ ದ್ರಾವಣ ಮಾಡಲು ಯಾರ ಅಪ್ಪಣೆಯೂ ಬೇಡ, ಯಾರಿಗೂ ಕಾಣಿಕೆ ಒಪ್ಪಿಸಬೇಕಾಗಿಲ್ಲ. ಮನೆಯ ಅಂಗಳದಲ್ಲಿಯೇ ತಯಾರಿಸಿಕೊಳ್ಳಬಹುದು.

ಈ ವಿದ್ಯೆ ನಮ್ಮ ಕೈಗೆ ಬಂದ ದಾರಿಯನ್ನು ತಿಳಿದರೆ ಇಂದಿನ ಲೇಖನದ ಅರ್ಧ ವಿಷಯ ತಿಳಿದಂತೆಯೇ. ಫ್ರಾನ್ಸ್ ದೇಶದ ಬೋರ್ಡೊ ವಿಶ್ವವಿದ್ಯಾನಿಲಯದಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರಿದ್ದರು. 1882ರಲ್ಲಿ ಅವರು ದ್ರಾಕ್ಷಿ ತೋಟಗಳ ನಡುವೆ ಹೋಗುತ್ತಿದ್ದಾಗ ಒಂದು ಸಂಗತಿಯನ್ನು ಗಮನಿಸಿದರು. ಎಲ್ಲೆಡೆ ಬೂಜು ತುಪ್ಪಟ ರೋಗದಿಂದ ಎಲೆಗಳು ಉದುರಿದ್ದರೂ ರಸ್ತೆಯ ಅಂಚಿನ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕೀಳದಿರಲೆಂದು ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚಿದ್ದರೆಂದು ತಿಳಿಯಿತು. ಮಿಲಾರ್ಡೆಯವರು ಪ್ರಯೋಗ ನಡೆಸಿ, 1885ರಲ್ಲಿ ಅಳತೆ, ವಿಧಾನ, ಫಲಿತಾಂಶಗಳೆಲ್ಲವನ್ನೂ ಪ್ರಕಟಿಸಿದರು. ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ.

1908ರಲ್ಲಿ ಕೆನಡ ದೇಶದ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ವಿಜ್ಞಾನಿಯಾಗಿ ಬಂದರು. ಆಗ ಕೊಳೆರೋಗಕ್ಕೆ ನಮ್ಮವರಿಗೆ ಗೊತ್ತಿದ್ದ ಉಪಾಯವೆಂದರೆ ಕೊನೆಗಳಿಗೆ ಕೊಟ್ಟೆ ಕಟ್ಟುವುದು. ಕೋಲ್ಮನ್ ಅವರು ರೋಗದ ಕಾರಣವನ್ನು ಪತ್ತೆ ಮಾಡಿ 1910ರಲ್ಲಿ ಇಲಾಖೆಯ ಪುಸ್ತಿಕೆಯಾಗಿ ಹೊರತಂದರು. ಬೋರ್ಡೊ ದ್ರಾವಣವನ್ನು ಅಡಿಕೆ ತೋಟಕ್ಕೆ ತಂದರು. ದ್ರಾಕ್ಷಿಗೆಂದು ಫ್ರಾನ್ಸಿನಲ್ಲಿ ಕಂಡುಕೊಂಡದ್ದು ಕಾಲು ಶತಮಾನದಲ್ಲಿ ತೀರ್ಥಹಳ್ಳಿ, ಸಾಗರದ ಕಡೆಯ ಅಡಿಕೆಯನ್ನು ಉಳಿಸುವ ಔಷಧವಾಯಿತು. ಇದಕ್ಕೆ ಕಾರಣ ಒಂದೇ. ಕಂಡವರು ಬರೆದಿಟ್ಟರು, ಬರೆದದ್ದನ್ನು ಬೇಕಾದವರು ಓದುವಂತಿತ್ತು.

ಇಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಸಂಶೋಧನೆಯನ್ನು ಬೇಕಾದವರು ಓದಬಹುದೇ? ನೀವು ಓದಬಹುದೇ? ಇದನ್ನು ಈ ವಾರ ವಿಚಾರ ಮಾಡೋಣ.

ಬೆಳೆದವರು ಒಬ್ಬರು, ಬೀಗ ಹಾಕಿದವರು ಇನ್ನೊಬ್ಬರು

ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಯೊಬ್ಬರು ಮೂರು ವರ್ಷ ತೊಗರಿಯ ಮೇಲೆ ಪ್ರಯೋಗ ಮಾಡಿದರೆನ್ನಿ. ಅವರ ಸಂಬಳ, ಪ್ರಯೋಗದ ಜಮೀನು, ಆಳಿನ ಕೂಲಿ, ಪ್ರಯೋಗಾಲಯದ ಖರ್ಚು ಇವೆಲ್ಲ ಬರುವುದು ಬಹುಪಾಲು ಸರ್ಕಾರದ ಬೊಕ್ಕಸದಿಂದ, ಎಂದರೆ ನಿಮ್ಮ ನಮ್ಮ ತೆರಿಗೆಯಿಂದ. ಪ್ರಯೋಗ ಮುಗಿದ ಮೇಲೆ ಅವರು ಲೇಖನ ಬರೆದು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳುಹಿಸುತ್ತಾರೆ. ಅದೇ ವಿಷಯ ಬಲ್ಲ ಬೇರೆ ವಿಜ್ಞಾನಿಗಳು ಅದನ್ನು ಪರಿಶೀಲಿಸಿ ತಪ್ಪು ಒಪ್ಪು ಹೇಳುತ್ತಾರೆ. ಬರೆದವರಿಗೆ ಪತ್ರಿಕೆ ಸಂಭಾವನೆ ಕೊಡುವುದಿಲ್ಲ. ಪರಿಶೀಲಿಸಿದವರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ.

ಆದರೆ ಲೇಖನ ಅಚ್ಚಾದ ಮೇಲೆ ಅದರ ಹಕ್ಕು ಪ್ರಕಾಶಕರ ಪಾಲಾಗುವುದು ಬಹುಕಾಲದ ರೂಢಿ. ದೊಡ್ಡ ವಿದೇಶಿ ಪ್ರಕಾಶನ ಸಂಸ್ಥೆಗಳ ಪತ್ರಿಕೆಗಳಿಗೆ ಚಂದಾ ಕಟ್ಟಲು ವಿಶ್ವವಿದ್ಯಾನಿಲಯಗಳಿಗೇ ಕಷ್ಟ. ಚಂದಾ ಇಲ್ಲದವರಿಂದ ಒಂದೇ ಒಂದು ಲೇಖನ ಓದಲು ಎರಡು, ಮೂರು ಸಾವಿರ ರೂಪಾಯಿ ಕೇಳುವ ಪತ್ರಿಕೆಗಳುಂಟು. ಹೀಗಾಗಿ ಬೆಳೆದವರೂ ನಾವೇ, ಒಕ್ಕಿದವರೂ ನಾವೇ, ಹಗೇವಿಗೆ ಬೀಗ ಹಾಕಿ ಕೀಲಿ ಇಟ್ಟುಕೊಂಡವರು ಮಾತ್ರ ಬೇರೆಯವರು ಎಂಬಂತಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಬೀಗ ತೆರೆಯುವ ಪ್ರಯತ್ನ

ಇದನ್ನು ಸರಿಪಡಿಸಲು ಹೊರಟ ಕ್ರಮಕ್ಕೆ ಮುಕ್ತ ಪ್ರಕಟಣೆ ಎಂದು ಹೆಸರು. 2002ರ ಫೆಬ್ರವರಿಯಲ್ಲಿ ಹಂಗೇರಿ ದೇಶದ ಬುಡಾಪೆಸ್ಟ್ ನಗರದ ಹೆಸರಿನಲ್ಲಿ ಹೊರಬಂದ ಘೋಷಣೆಯೊಂದು ಇದರ ಅರ್ಥವನ್ನು ಸ್ಪಷ್ಟಪಡಿಸಿತು. ಸಂಶೋಧನಾ ಲೇಖನವನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು, ಪ್ರತಿ ಮಾಡಿಕೊಳ್ಳಬಹುದು, ಇತರರಿಗೆ ಹಂಚಬಹುದು. ಬರೆದವರ ಹೆಸರನ್ನು ಮಾತ್ರ ಸರಿಯಾಗಿ ಹೇಳಬೇಕು. ಇದೇ ಅದರ ಸಾರ.

ಅದೇ 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ವಿಜ್ಞಾನಿಗಳ ಲೇಖನಗಳಿಗಾಗಿ ಒಂದು ಮುಕ್ತ ಭಂಡಾರವನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಇಂಥ ಭಂಡಾರ ಮೊದಲಾದದ್ದು ಕನ್ನಡ ನೆಲದಲ್ಲಿಯೇ ಎಂಬುದು ನಮಗೆ ಹೆಮ್ಮೆಯ ವಿಷಯ. 2009ರಲ್ಲಿ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯು ತನ್ನ ವಿಜ್ಞಾನಿಗಳು ತಮ್ಮ ಲೇಖನಗಳನ್ನು ಮುಕ್ತವಾಗಿ ಇಡಬೇಕೆಂದು ನಿಯಮ ಮಾಡಿತು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೆಳೆಗಳ ಮೇಲೆ ಕೆಲಸ ಮಾಡುವ ಸಂಸ್ಥೆ ಅದು. ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ನಿಯಮ ತಂದಿತು. ಅವನ್ನು ಸೇರಿಸಿಡುವ ಭಂಡಾರವೇ ‘ಶೋಧಗಂಗಾ’.

ನಮಗೆ ಹೆಚ್ಚು ಹತ್ತಿರದ್ದು 2013ರ ಹೆಜ್ಜೆ. ಆ ವರ್ಷ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಮುಕ್ತ ಪ್ರಕಟಣೆಯ ನೀತಿಯನ್ನು ಒಪ್ಪಿಕೊಂಡಿತು. ಪರಿಷತ್ತಿನ ಸಂಸ್ಥೆಗಳಲ್ಲಿ ನಡೆದ ಸಂಶೋಧನೆಯ ಲೇಖನಗಳನ್ನು ಮುಕ್ತ ಭಂಡಾರದಲ್ಲಿ ಇಡಬೇಕು. ಪ್ರಕಾಶಕರು ತಡೆ ಹಾಕಿದರೂ ಅದು 12 ತಿಂಗಳು ಮೀರಬಾರದು ಎಂಬುದು ಆ ನೀತಿ. ಇದಕ್ಕಾಗಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಭಂಡಾರದ ಹೆಸರು ‘ಕೃಷಿಕೋಶ’. ದೇಶದ ಹಲವು ಕೃಷಿ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಬರೆದ ಪ್ರಬಂಧಗಳು, ಹಳೆಯ ವರದಿಗಳು, ಪುಸ್ತಿಕೆಗಳು ಇದರಲ್ಲಿ ಸೇರಿವೆ.

ಇನ್ನೊಂದು ಯೋಜನೆಯ ಹೆಸರನ್ನೂ ನೀವು ಕೇಳಿರಬಹುದು. ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಅರ್ಥದ ಈ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2025ರಿಂದ 2027ರ ವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ; 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಇದರಿಂದ ಸರ್ಕಾರಿ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬಹಳ ಉಪಕಾರವಾಗಿದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಇಲ್ಲಿ ಬೀಗ ಹಾಗೆಯೇ ಇದೆ. ಸರ್ಕಾರ ಬಾಡಿಗೆ ಕೊಟ್ಟು ಕಾಲೇಜಿನವರಿಗೆ ಕೀಲಿ ಕೊಡಿಸಿದೆ. ಹೊಲದಲ್ಲಿರುವವರಿಗೆ ಆ ಕೀಲಿ ಸಿಕ್ಕಿಲ್ಲ. ಮುಕ್ತ ಪ್ರಕಟಣೆಯಲ್ಲಾದರೋ ಬೀಗವೇ ಇರುವುದಿಲ್ಲ.

ನಮ್ಮ ರಾಗಿಯ ಉದಾಹರಣೆ

ಮುಕ್ತ ಪ್ರಕಟಣೆಯಿಂದ ನಮಗೇನು ಲಾಭ ಎಂದು ನೀವು ಕೇಳಬಹುದು. ರಾಗಿಯನ್ನೇ ತೆಗೆದುಕೊಳ್ಳಿ.

ಪ್ರತಿಯೊಂದು ಬೆಳೆಯ ಗುಣಗಳೂ ಅದರ ಜೀವಕೋಶದೊಳಗಿನ ವಂಶವಾಹಿಗಳಲ್ಲಿ ಅಡಗಿರುತ್ತವೆ. ಬರ ತಡೆಯುವ ಶಕ್ತಿ, ಬೆಂಕಿರೋಗ ತಡೆಯುವ ಶಕ್ತಿ, ಕಾಳಿನಲ್ಲಿನ ಸುಣ್ಣದ ಅಂಶ ಎಲ್ಲವೂ ಅಲ್ಲಿಂದಲೇ ಬರುತ್ತವೆ. ಈ ವಂಶವಾಹಿಗಳ ಪೂರ್ಣ ನಕ್ಷೆ ದೊರೆತರೆ ತಳಿ ತಯಾರಿಸುವವರಿಗೆ ದಾರಿ ಸುಲಭವಾಗುತ್ತದೆ. ಬೆಳೆ ತೆನೆಗೆ ಬರುವವರೆಗೆ ಕಾಯದೆ, ಸಸಿಯ ಎಲೆಯನ್ನು ಪರೀಕ್ಷಿಸಿಯೇ ಬೇಕಾದ ಗುಣ ಬಂದಿದೆಯೋ ಇಲ್ಲವೋ ತಿಳಿಯುವುದಕ್ಕೆ ಇಂಥ ನಕ್ಷೆ ನೆರವಾಗುತ್ತದೆ.

ಭತ್ತದಂಥ ಬೆಳೆಗೆ ಈ ನಕ್ಷೆ 2005ರಲ್ಲಿಯೇ ಸಿದ್ಧವಾಗಿ ಎಲ್ಲರಿಗೂ ದೊರೆಯಿತು. ನಮ್ಮ ರಾಗಿಗೆ ಇನ್ನೂ ಹನ್ನೆರಡು ವರ್ಷ ಕಾಯಬೇಕಾಯಿತು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಡಾ. ಶೈಲಜಾ ಹಿತ್ತಲಮನಿ ಮತ್ತು ಅವರ ಸಂಗಡಿಗರು ಎಂ.ಎಲ್. 365 ಎಂಬ ರಾಗಿ ತಳಿಯ ವಂಶವಾಹಿ ನಕ್ಷೆಯನ್ನು ಪ್ರಕಟಿಸಿದರು. ಈ ತಳಿಯೂ ನಮ್ಮ ವಿಶ್ವವಿದ್ಯಾನಿಲಯದ್ದೇ. ರಾಗಿಯ ಒಟ್ಟು ನಕ್ಷೆಯಲ್ಲಿ ಸುಮಾರು ಶೇಕಡ 82 ಭಾಗವನ್ನು ಅವರು ಜೋಡಿಸಿದರು. 85,000ಕ್ಕೂ ಹೆಚ್ಚು ವಂಶವಾಹಿಗಳನ್ನು ಗುರುತಿಸಿದರು. ಈ ಲೇಖನ ಬಂದದ್ದು ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದಾದ ಪತ್ರಿಕೆಯಲ್ಲಿ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾನಿಲಯದವರು ಬೆಂಗಳೂರಿನವರ ಜೊತೆ ಸೇರಿ ಪಿ.ಆರ್. 202 ತಳಿಯ ನಕ್ಷೆ ಮಾಡಿ, ಅದನ್ನೂ ಮುಕ್ತವಾಗಿ ಪ್ರಕಟಿಸಿದರು. 2023ರಲ್ಲಿ ಆಫ್ರಿಕಾದ ಒಂದು ರಾಗಿ ತಳಿಯ ಇನ್ನಷ್ಟು ಪೂರ್ಣವಾದ ನಕ್ಷೆ ಹೊರಬಂತು. ಅದೂ ಮುಕ್ತವೇ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕೆಲಸ ಕಟ್ಟಿದರು. ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆ ತಿದ್ದಲು ಸಾಧ್ಯವಾಯಿತು.

ರಾಗಿಗೆ ಇದು ಹೊಸತೇನಲ್ಲ. ಹಿಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟದ್ದು ಹಿರಿಯರಿಗೆ ನೆನಪಿರುತ್ತದೆ. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್ ಆಯಿತು. ಅಂದು ಬೀಜ ಗಡಿ ದಾಟಿ ಬಂದದ್ದರಿಂದ ಇಳುವರಿ ಏರಿತು. ಇಂದು ಬೀಜದ ಜೊತೆಗೆ ಬೀಜದ ಮಾಹಿತಿಯೂ ಗಡಿ ದಾಟಬೇಕು. ಲೇಖನ ಮಾತ್ರವಲ್ಲ, ಅದರ ಹಿಂದಿನ ಅಂಕಿ ಅಂಶ, ಪ್ರಯೋಗದ ವಿಧಾನ ಎಲ್ಲವನ್ನೂ ಹಂಚಿಕೊಳ್ಳುವ ಈ ಪದ್ಧತಿಗೆ ಮುಕ್ತ ವಿಜ್ಞಾನ ಎನ್ನುತ್ತಾರೆ. ರಾಗಿಯಂಥ ಬಡವರ ಬೆಳೆಗೆ ದೊಡ್ಡ ಕಂಪನಿಗಳು ಹಣ ಹೂಡುವುದು ಕಡಿಮೆ. ಇಂಥ ಬೆಳೆಗಳು ಬದುಕಬೇಕಾದರೆ ವಿಶ್ವವಿದ್ಯಾನಿಲಯಗಳು ಒಂದರ ಬುತ್ತಿಯನ್ನು ಇನ್ನೊಂದು ಹಂಚಿಕೊಳ್ಳದೆ ಬೇರೆ ಮಾರ್ಗವಿಲ್ಲ.

ತೆರೆದಿಟ್ಟರೆ ಕಳವಾಗುವುದಿಲ್ಲವೇ?

ಈ ಸಂಶಯ ಸಹಜ. ಕಣಜದ ಬಾಗಿಲು ತೆರೆದಿಟ್ಟರೆ ಕಳ್ಳ ಬರುವುದಿಲ್ಲವೇ? ಆದರೆ ಜ್ಞಾನದ ವಿಷಯದಲ್ಲಿ ಅನೇಕ ವೇಳೆ ಇದರ ವಿರುದ್ಧವೇ ನಿಜ. ಅರಿಸಿನದ ಕಥೆ ಕೇಳಿ.

ಗಾಯಕ್ಕೆ ಅರಿಸಿನ ಹಚ್ಚುವುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. 1995ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯು ಗಾಯ ಮಾಯಿಸಲು ಅರಿಸಿನ ಬಳಸುವುದರ ಮೇಲೆ ಅಲ್ಲಿನ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿತು. ‘ನಮ್ಮ ಅಜ್ಜಿಗೆ ಗೊತ್ತಿತ್ತು’ ಎಂದರೆ ಆ ಕಚೇರಿ ಒಪ್ಪುವುದಿಲ್ಲ, ಬರವಣಿಗೆಯಲ್ಲಿ ಸಾಕ್ಷ್ಯ ಬೇಕು. ಪರಿಷತ್ತು ಹಳೆಯ ಗ್ರಂಥಗಳನ್ನೂ, ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾಗಿದ್ದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಇದರಿಂದ ಕಲಿಯಬೇಕಾದದ್ದು ಏನು? ತಾರೀಖಿನ ಸಹಿತ ಪ್ರಕಟವಾಗಿ ಎಲ್ಲರ ಕಣ್ಣಿಗೆ ಬೀಳುವಂತಿದ್ದ ವಿಷಯವನ್ನು ಇನ್ನೊಬ್ಬರು ತಮ್ಮ ಹೊಸ ಶೋಧ ಎಂದು ಹೇಳಿಕೊಳ್ಳುವುದು ಕಷ್ಟ. ಬಾಯಿಮಾತಿನಲ್ಲೇ ಉಳಿದ ವಿದ್ಯೆಗೆ ಆ ರಕ್ಷಣೆ ಇಲ್ಲ. ಆದರೆ ಒಂದು ಎಚ್ಚರಿಕೆ. ನೀವೇ ಕಾಪಾಡಿಕೊಂಡು ಬಂದ ಭತ್ತದ ತಳಿ, ಹಲಸಿನ ತಳಿ ಮೊದಲಾದವು ಇದ್ದರೆ ಅವನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತ ತಳಿಯೆಂದು ನೋಂದಾಯಿಸಿಕೊಳ್ಳಲು ಅವಕಾಶವಿದೆ. ಮಾದರಿಯನ್ನೂ ಬೀಜವನ್ನೂ ಅಪರಿಚಿತರ ಕೈಗೆ ಕೊಡುವ ಮೊದಲು ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ವಿಷಯ ವಿಚಾರಿಸಿ.

ಪುಕ್ಕಟೆ ಸಿಕ್ಕದ್ದೆಲ್ಲ ನಿಜವಲ್ಲ

ಪತ್ರಿಕೆ ನಡೆಸಲು ಖರ್ಚು ಬಂದೇ ಬರುತ್ತದೆ. ಓದುಗರಿಂದ ಹಣ ತೆಗೆದುಕೊಳ್ಳದ ಹಲವು ಪತ್ರಿಕೆಗಳು ಬರೆದವರಿಂದ ಅಥವಾ ಅವರ ಸಂಸ್ಥೆಯಿಂದ ಶುಲ್ಕ ತೆಗೆದುಕೊಳ್ಳುತ್ತವೆ. ಹೆಸರಾಂತ ವಿದೇಶಿ ಪತ್ರಿಕೆಗಳಲ್ಲಿ ಇದು ಒಂದು ಲೇಖನಕ್ಕೆ ಲಕ್ಷ ರೂಪಾಯಿಗಳನ್ನು ಮೀರುವುದುಂಟು. ಸಣ್ಣ ಸಂಸ್ಥೆಗಳ ವಿಜ್ಞಾನಿಗಳಿಗೆ ಇದು ಹೊರೆ. ಹೀಗಾಗಿ ಯಾರಿಂದಲೂ ಹಣ ಕೇಳದೆ, ಸಂಸ್ಥೆಯೇ ಖರ್ಚು ವಹಿಸಿ ನಡೆಸುವ ಪತ್ರಿಕೆಗಳು ಮತ್ತು ಭಂಡಾರಗಳು ಹೆಚ್ಚಬೇಕು.

ಇನ್ನು ಕೆಲವು ನಕಲಿ ಪತ್ರಿಕೆಗಳಿವೆ. ಹಣ ಕೊಟ್ಟರೆ ಸಾಕು, ಪರಿಶೀಲನೆಯಿಲ್ಲದೆ ಏನನ್ನಾದರೂ ಅಚ್ಚು ಹಾಕುತ್ತವೆ. ಇಂಥ ಪತ್ರಿಕೆಯ ಒಂದು ಹಾಳೆ ಹಿಡಿದು ‘ವಿಜ್ಞಾನಿಗಳೇ ಒಪ್ಪಿದ ಔಷಧ’ ಎಂದು ಬಾಟಲಿ ಮಾರುವವರು ಹಳ್ಳಿಗೆ ಬಂದರೆ ಆಶ್ಚರ್ಯವಿಲ್ಲ. ಆದ್ದರಿಂದ ಬಾಗಿಲು ತೆರೆದರಷ್ಟೇ ಸಾಲದು. ಒಳಗಿರುವುದು ಕಾಳೋ ಜೊಳ್ಳೋ ಎಂದು ಕೇರಿ ನೋಡಲೂ ಕಲಿಯಬೇಕು.

ಪ್ರಯೋಗದ ಫಲಿತಾಂಶ ಓದುವ ಬಗೆ

ಸಂಶೋಧನಾ ಲೇಖನ ಓದಲು ಬಿ.ಎಸ್ಸಿ. ಆಗಿರಬೇಕಾಗಿಲ್ಲ. ಹೈಸ್ಕೂಲು ಓದಿದ ಮಗ ಅಥವಾ ಮಗಳು ಪಕ್ಕದಲ್ಲಿದ್ದರೆ ಸಾಕು. ಈ ಕೆಳಗಿನ ಆರು ಪ್ರಶ್ನೆಗಳನ್ನು ಕೇಳಿ.

ಒಂದು: ಪ್ರಯೋಗ ಎಲ್ಲಿ ನಡೆಯಿತು? ಕೋಲಾರದ ಕೆಂಪು ಮಣ್ಣಿನಲ್ಲಿ ಬಂದ ಫಲ ವಿಜಯಪುರದ ಎರೆ ಭೂಮಿಯಲ್ಲಿ ಬರುತ್ತದೆಂದು ಹೇಳಲಾಗದು. ಮಣ್ಣು, ಮಳೆ, ನೀರಾವರಿ ಇವುಗಳ ವಿವರ ಲೇಖನದ ಮೊದಲ ಭಾಗದಲ್ಲೇ ಇರುತ್ತದೆ.

ಎರಡು: ಎಷ್ಟು ವರ್ಷ, ಎಷ್ಟು ತಾಕು? ಒಂದು ವರ್ಷ ಒಳ್ಳೆಯ ಮಳೆ ಬಂದು ಬೆಳೆ ಚೆನ್ನಾಗಿದ್ದರೆ ಅದು ಮಳೆಯ ಗುಣವೂ ಇರಬಹುದು. ಕನಿಷ್ಠ ಎರಡು ಹಂಗಾಮು ನಡೆಸಿ, ಪ್ರತಿಯೊಂದು ಉಪಚಾರವನ್ನೂ ಮೂರು ನಾಲ್ಕು ತಾಕುಗಳಲ್ಲಿ ಪುನರಾವರ್ತಿಸಿದ ಪ್ರಯೋಗಕ್ಕೆ ಹೆಚ್ಚು ಬೆಲೆ.

ಮೂರು: ಯಾವುದಕ್ಕೆ ಹೋಲಿಸಿದ್ದಾರೆ? ಇಲ್ಲಿಯೇ ಹೆಚ್ಚು ಮೋಸ ನಡೆಯುವುದು. ಹೊಸ ಟಾನಿಕ್ಕನ್ನು ಗೊಬ್ಬರದ ಜೊತೆ ಕೊಟ್ಟು, ಗೊಬ್ಬರವನ್ನೇ ಹಾಕದ ತಾಕಿಗೆ ಹೋಲಿಸಿದರೆ ಟಾನಿಕ್ಕು ಗೆದ್ದಂತೆ ಕಾಣುತ್ತದೆ. ಗೆದ್ದದ್ದು ಗೊಬ್ಬರ. ಎರಡು ತಾಕುಗಳಿಗೂ ಶಿಫಾರಸು ಮಾಡಿದ ಗೊಬ್ಬರವನ್ನೇ ಕೊಟ್ಟು, ಒಂದಕ್ಕೆ ಮಾತ್ರ ಟಾನಿಕ್ಕು ಸೇರಿಸಿ ಹೋಲಿಸಿರಬೇಕು.

ನಾಲ್ಕು: ವ್ಯತ್ಯಾಸ ನಿಜವಾದದ್ದೇ? ಒಂದೇ ಹೊಲದ ಎರಡು ತಾಕುಗಳಿಗೆ ಏನೂ ಮಾಡದಿದ್ದರೂ ಇಳುವರಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಇದು ನಿಮ್ಮ ಅನುಭವ. ಆದ್ದರಿಂದ ವಿಜ್ಞಾನಿಗಳು ಇಳುವರಿ ಪಟ್ಟಿಯ ಕೆಳಗೆ ‘ಸಿ.ಡಿ.’ ಎಂಬ ಒಂದು ಸಂಖ್ಯೆ ಕೊಡುತ್ತಾರೆ. ಎರಡು ಉಪಚಾರಗಳ ನಡುವಿನ ವ್ಯತ್ಯಾಸ ಈ ಸಂಖ್ಯೆಗಿಂತ ಹೆಚ್ಚಾಗಿದ್ದರೆ ಮಾತ್ರ ಅದನ್ನು ನಂಬಬಹುದು. ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ: ಸಿಂಪಡಿಸದ ತಾಕಿನಲ್ಲಿ ಹೆಕ್ಟೇರಿಗೆ 30 ಕ್ವಿಂಟಾಲ್ ರಾಗಿ, ಸಿಂಪಡಿಸಿದಲ್ಲಿ 32 ಕ್ವಿಂಟಾಲ್, ಸಿ.ಡಿ. 3 ಎಂದಿರಲಿ. ವ್ಯತ್ಯಾಸ 2 ಮಾತ್ರ. 3ಕ್ಕಿಂತ ಕಡಿಮೆ. ಎಂದರೆ ಸಿಂಪಡಣೆಯಿಂದಲೇ ಹೆಚ್ಚಿತೆಂದು ಹೇಳಲು ಬರುವುದಿಲ್ಲ. ಸಿಂಪಡಿಸಿದಲ್ಲಿ 35 ಬಂದಿದ್ದರೆ ವ್ಯತ್ಯಾಸ 5 ಆಗುತ್ತಿತ್ತು, ನಂಬಬಹುದಿತ್ತು. ಪಟ್ಟಿಯಲ್ಲಿ ಸಿ.ಡಿ. ಇರಬೇಕಾದ ಕಡೆ ‘ಎನ್.ಎಸ್.’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿದ್ದರೆ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು ಅರ್ಥ.

ಐದು: ಖರ್ಚು ಕಳೆದು ಉಳಿಯುವುದೆಷ್ಟು? ಹೆಕ್ಟೇರಿಗೆ 5 ಕ್ವಿಂಟಾಲ್ ಎಂದರೆ ಎಕರೆಗೆ ಸುಮಾರು 2 ಕ್ವಿಂಟಾಲ್. ಅದರ ಇಂದಿನ ಧಾರಣೆ ಎಷ್ಟು, ಔಷಧಕ್ಕೂ ಕೂಲಿಗೂ ಆಗುವ ಖರ್ಚು ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಒಳ್ಳೆಯ ಲೇಖನಗಳಲ್ಲಿ ಖರ್ಚು ಆದಾಯದ ಪಟ್ಟಿಯೂ ಇರುತ್ತದೆ.

ಆರು: ಹಣ ಕೊಟ್ಟವರು ಯಾರು? ಲೇಖನದ ಕೊನೆಯಲ್ಲಿ ಸಾಮಾನ್ಯವಾಗಿ ಇದನ್ನು ಬರೆದಿರುತ್ತಾರೆ. ಔಷಧ ಮಾರುವ ಕಂಪನಿಯೇ ಖರ್ಚು ವಹಿಸಿದ್ದರೆ ಲೇಖನ ಸುಳ್ಳೆಂದಲ್ಲ, ಇನ್ನೊಂದು ಸ್ವತಂತ್ರ ಪ್ರಯೋಗವನ್ನೂ ನೋಡಿ ತೀರ್ಮಾನಿಸುವುದು ಲೇಸು.

ಇನ್ನು ಮುಂದೆ ಯಾರಾದರೂ ಬಂದು ‘ಇದು ವಿಶ್ವವಿದ್ಯಾನಿಲಯದಲ್ಲಿ ಪರೀಕ್ಷೆಯಾದ ವಸ್ತು’ ಎಂದರೆ, ಆ ವರದಿ ತೋರಿಸಿ ಎಂದು ಕೇಳಿ. ಯಾವ ವಿಶ್ವವಿದ್ಯಾನಿಲಯ, ಯಾವ ವರ್ಷ, ಯಾವ ಪತ್ರಿಕೆ ಎಂದು ಬರೆದುಕೊಳ್ಳಿ. ವರದಿ ಮುಕ್ತವಾಗಿದ್ದರೆ ಸಂಜೆಯೊಳಗೆ ತಾಳೆ ನೋಡಬಹುದು. ಬೀಗದೊಳಗಿದ್ದರೆ ಮಾರುವವರ ಮಾತನ್ನೇ ನಂಬಬೇಕಾಗುತ್ತದೆ. ಮುಕ್ತ ಪ್ರಕಟಣೆ ನಿಮ್ಮ ಜೇಬಿಗೆ ಸಂಬಂಧಿಸಿದ ವಿಷಯವಾಗುವುದು ಇಲ್ಲಿಯೇ.

ಎಲ್ಲಿ ನೋಡಬೇಕು?

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿವೆ; ಹಲವೆಡೆ ಕಂಪ್ಯೂಟರ್ ಬಂದಿದೆ. ಇಲ್ಲದಿದ್ದರೆ ಮನೆಯ ಮೊಬೈಲ್ ಫೋನಿನಲ್ಲಿಯೂ ಆಗುತ್ತದೆ. ಹುಡುಕಬೇಕಾದ ಹೆಸರುಗಳು ಇವು.

ಕೃಷಿ ವಿಶ್ವವಿದ್ಯಾನಿಲಯಗಳ ಪ್ರಬಂಧಗಳಿಗೆ ‘ಕೃಷಿಕೋಶ’. ಇತರ ವಿಶ್ವವಿದ್ಯಾನಿಲಯಗಳ ಪ್ರಬಂಧಗಳಿಗೆ ‘ಶೋಧಗಂಗಾ’. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು 1967ರಿಂದ ನಡೆಸುತ್ತಿರುವ ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ‘ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ನಮ್ಮ ನೆಲದ ಪ್ರಯೋಗಗಳಿಗೆ ಒಳ್ಳೆಯ ಆಕರಗಳು. ದೇಶದ ಮಟ್ಟದಲ್ಲಿ ಕೃಷಿ ಅನುಸಂಧಾನ ಪರಿಷತ್ತಿನ ‘ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಇದೆ. ಇವನ್ನು ಹಣ ಕೊಡದೆ ಓದಬಹುದು.

ಹುಡುಕುವಾಗ ಬೆಳೆಯ ಇಂಗ್ಲಿಷ್ ಹೆಸರು, ರೋಗದ ಅಥವಾ ಕೀಟದ ಹೆಸರು ಮತ್ತು ‘ಕರ್ನಾಟಕ’ ಎಂಬ ಪದವನ್ನು ಸೇರಿಸಿದರೆ ಹತ್ತಿರದ ಪ್ರಯೋಗಗಳು ಸಿಗುತ್ತವೆ. ರಾಗಿಗೆ ‘ಫಿಂಗರ್ ಮಿಲೆಟ್’, ತೊಗರಿಗೆ ‘ಪಿಜನ್‌ಪೀ’, ಶೇಂಗಾಕ್ಕೆ ‘ಗ್ರೌಂಡ್‌ನಟ್’, ಅಡಿಕೆಗೆ ‘ಅರೆಕನಟ್’ ಎಂದು ಹೇಳಿಕೊಟ್ಟರೆ ಮಕ್ಕಳು ಹುಡುಕಿಕೊಡುತ್ತಾರೆ. ಪ್ರಬಂಧವನ್ನು ಪೂರ್ತಿ ಓದಬೇಕಾಗಿಲ್ಲ. ಮೊದಲು ಸಾರಾಂಶ, ಅನಂತರ ಇಳುವರಿಯ ಪಟ್ಟಿ, ಕೊನೆಗೆ ತೀರ್ಮಾನ ಓದಿದರೆ ಸಾಕು. ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳ ಹಲವು ಪ್ರಬಂಧಗಳಲ್ಲಿ ಕನ್ನಡದ ಸಾರಾಂಶವೂ ಒಂದು ಪುಟದಷ್ಟು ಇರುತ್ತದೆ. ಅದನ್ನು ಬಿಡಬೇಡಿ.

ಒಂದು ಪ್ರಬಂಧ ಓದಿ ಹೊಲವನ್ನೆಲ್ಲ ಬದಲಾಯಿಸಲು ಹೊರಡುವುದು ಬೇಡ. ವಿಶ್ವವಿದ್ಯಾನಿಲಯಗಳು ಕನ್ನಡದಲ್ಲಿ ಹೊರತರುವ ಸುಧಾರಿತ ಬೇಸಾಯ ಕ್ರಮಗಳ ಪುಸ್ತಕವೇ ಮೊದಲ ಆಧಾರ. ಅದು ಅನೇಕ ಪ್ರಯೋಗಗಳನ್ನು ಒರೆಗೆ ಹಚ್ಚಿ ಮಾಡಿದ ಶಿಫಾರಸು. ಹೊಸದನ್ನು ನೋಡಬೇಕೆನಿಸಿದರೆ ಐದು ಗುಂಟೆಯಲ್ಲಿ ಮಾಡಿ, ಪಕ್ಕದಲ್ಲೇ ಐದು ಗುಂಟೆ ನಿಮ್ಮ ಪದ್ಧತಿಯಂತೆ ಬೆಳೆದು ಎರಡನ್ನೂ ತೂಗಿ ನೋಡಿ.

ಇನ್ನೂ ಆಗಬೇಕಾದದ್ದು

ಬೀಗ ತೆರೆದರೂ ಒಳಗಿರುವುದು ಇಂಗ್ಲಿಷಿನಲ್ಲಿದ್ದರೆ ನಮ್ಮ ಬಹುಪಾಲು ರೈತರಿಗೆ ಕೈಗೆ ಬಂದ ತುತ್ತು ಬಾಯಿಗೆ ಬಂದಂತಾಗುವುದಿಲ್ಲ. ರೈತರಿಗೆ ಸಂಬಂಧಿಸಿದ ಪ್ರತಿಯೊಂದು ಲೇಖನಕ್ಕೂ ತಿಳಿಗನ್ನಡದಲ್ಲಿ ಒಂದು ಪುಟದ ಸಾರಾಂಶ ಜೊತೆಗೇ ಪ್ರಕಟವಾಗಬೇಕು. ಏನು ಮಾಡಿದರು, ಎಲ್ಲಿ ಮಾಡಿದರು, ಎಷ್ಟು ಬಂತು, ಯಾರಿಗೆ ಅನ್ವಯಿಸುತ್ತದೆ ಎಂಬ ನಾಲ್ಕು ಮಾತು ಸಾಕು. ವರ್ಷಗಟ್ಟಲೆ ಪ್ರಯೋಗ ಮಾಡಿದವರಿಗೆ ಒಂದು ಪುಟ ಬರೆಯುವುದು ಹೊರೆಯಲ್ಲ.

ಎರಡನೆಯದು, ಫಲಿಸದ ಪ್ರಯೋಗಗಳೂ ಬೆಳಕಿಗೆ ಬರಬೇಕು. ಒಂದು ಔಷಧ ಕೆಲಸ ಮಾಡಲಿಲ್ಲ, ಒಂದು ತಳಿ ನಮ್ಮ ಕಡೆ ಒಗ್ಗಲಿಲ್ಲ ಎಂಬ ಸುದ್ದಿ ರೈತರಿಗೆ ಗೆದ್ದ ಸುದ್ದಿಯಷ್ಟೇ ಬೆಲೆಯುಳ್ಳದ್ದು. ಸೋತದ್ದನ್ನು ಕಪಾಟಿನಲ್ಲಿಟ್ಟರೆ ಅದೇ ಸೋಲನ್ನು ಹತ್ತು ಹಳ್ಳಿಗಳಲ್ಲಿ ರೈತರು ತಮ್ಮ ಹಣದಿಂದ ಮತ್ತೆ ಅನುಭವಿಸಬೇಕಾಗುತ್ತದೆ.

ಮೂರನೆಯದು ನಿಮ್ಮ ಪಾಲಿನದು. ಕೇಳುವವರಿದ್ದರೆ ಕೊಡುವವರು ಎಚ್ಚರವಾಗಿರುತ್ತಾರೆ. ಕೃಷಿ ಮೇಳಕ್ಕೆ ಹೋದಾಗ ಪ್ರದರ್ಶನದ ತಾಕು ನೋಡಿ ಬರುವುದಷ್ಟೇ ಅಲ್ಲ, ‘ಈ ಪ್ರಯೋಗದ ವರದಿ ಎಲ್ಲಿ ಓದಲು ಸಿಗುತ್ತದೆ?’ ಎಂದು ಅಲ್ಲಿನ ವಿಜ್ಞಾನಿಗಳನ್ನು ಕೇಳಿ. ರೈತ ಸಂಪರ್ಕ ಕೇಂದ್ರದ ನಮ್ಮಂಥ ವಿಸ್ತರಣಾ ಕೆಲಸಗಾರರನ್ನೂ ಕೇಳಿ. ಹುಡುಕಿ ತಂದು ಓದಿ ಹೇಳುವುದು ನಮ್ಮ ಕೆಲಸವೇ. ವಾಚನಾಲಯದಲ್ಲಿ ತಿಂಗಳಿಗೊಮ್ಮೆ ನಾಲ್ಕಾರು ರೈತರು ಕೂಡಿ, ಆ ಹಂಗಾಮಿನ ಬೆಳೆಗೆ ಸಂಬಂಧಿಸಿದ ಒಂದು ಲೇಖನವನ್ನು ಆರಿಸಿ, ಮೇಲಿನ ಆರು ಪ್ರಶ್ನೆಗಳನ್ನು ಹಾಕಿಕೊಂಡು ಚರ್ಚಿಸುವ ಪದ್ಧತಿ ಆರಂಭಿಸಬಹುದು. ಅರ್ಥವಾಗದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಸಲ ಕೃಷಿ ಅಧಿಕಾರಿ ಊರಿಗೆ ಬಂದಾಗ ಅದನ್ನು ಅವರ ಮುಂದಿಡಿ.

ಮುಂಗಾರಿನ ಬೀಜ ಗೊಬ್ಬರ ಕೊಳ್ಳಲು ಪೇಟೆಗೆ ಹೋಗುವ ಮೊದಲು, ಈ ವರ್ಷ ನೀವು ಹೊಸದಾಗಿ ಹಣ ಹಾಕಬೇಕೆಂದಿರುವ ಒಂದೇ ಒಂದು ವಸ್ತುವಿನ ಬಗ್ಗೆಯಾದರೂ ಹೀಗೆ ಹುಡುಕಿ ನೋಡಿ.